ಹಾರ್ಡ್ ಡಿಸ್ಕಿಗೆ ಹಚ್ಚಿದ ವಿಭೂತಿ

ಇವತ್ತು ಬೆಳಿಗ್ಗೆ ಯಲಬುರ್ಗಾದ ಗಿರಾಕಿಯೊಬ್ಬರ ಹಳೆಯ ಕಂಪ್ಯೂಟರ್ ಬಿಚ್ಚಿ ಬ್ಲೋವರ್ ಹಿಡಿದೆ. ಕಾದ ಧೂಳಿನ ವಾಸನೆ ನನ್ನ ರಿಪೇರಿ ಅಂಗಡಿಯೆಲ್ಲ ಹರಡಿತು. ನಿಮಗಾದರೆ ಸೀನು ಬಂದೀತು. ನನಗೆ ಬಾಷಾ ಚಾಚಾ ನೆನಪಾಗುತ್ತಾರೆ.

ಕೊಪ್ಪಳದಲ್ಲಿ ಅವರದು ಲಗ್ನಪತ್ರಿಕೆ ಮಾಡುವ ಅಂಗಡಿ. ಡಿಗ್ರಿ ಓದುವಾಗ ನಾನು ಕಾಲೇಜಿಗಿಂತ ಹೆಚ್ಚು ಅಲ್ಲೇ ಕೂತಿರುತ್ತಿದ್ದೆ. ಚಾಚಾ ಯಾವ ಕಂಪ್ಯೂಟರನ್ನೂ ಗುಜರಿಗೆ ಹಾಕಿದವರಲ್ಲ. ಕೆಳಗಿನ ಹಲಗೆಯ ಮೇಲೆ ಫ್ಲಾಪಿ ಕಾಲದ್ದು, ಅದರ ಮೇಲೆ ಸಿ.ಡಿ. ನುಂಗುವುದು, ಮೇಜಿನ ಮೇಲೆ ಪೆನ್‌ಡ್ರೈವ್ ಕಾಲದ್ದು. ಯಾರೂ ಕಲಿಸದೆ ಕಲಿತವನು ನಾನು; ಅವುಗಳ ತಲೆಮಾರನ್ನು ಡಿಸ್ಕಿನ ಕೇಬಲ್ ನೋಡಿ ಗುರುತಿಸುತ್ತಿದ್ದೆ. ಮೊದಲು ಮೂರು ಬೆರಳಗಲದ ಬೂದು ಪಟ್ಟಿ, ಆಮೇಲೆ ತೆಳ್ಳನೆಯ ಕೆಂಪು ಕೇಬಲ್. ಇದನ್ನೆಲ್ಲ ಗಿರಾಕಿಗಳಿಗೂ ವಿವರಿಸುತ್ತಿದ್ದೆ, ಅವರು ಕೇಳದಿದ್ದರೂ.

"ಪತ್ರಿಕಿ ಮಾಡ್ಸಾಕ ಬಂದಾರಪ್ಪ ಅವರು. ಮದುವಿ ಮಾತಾಡು," ಎಂದು ಚಾಚಾ ನಗುತ್ತಿದ್ದರು.

ಕೆಳಗಿನ ಆ ಹಳೆಯ ಯಂತ್ರದ ಡಿಸ್ಕಿನಲ್ಲಿ ಅವರ ಜೀವವೇ ಇತ್ತು. ಕಿನ್ನಾಳದ ಗೊಂಬೆಗಳನ್ನು ಎದುರಿಗಿಟ್ಟುಕೊಂಡು, ಮೌಸಿನಿಂದ ಒಂದೊಂದೇ ಗೆರೆ ಎಳೆದು, ಪತ್ರಿಕೆಗಳ ಅಂಚಿಗೆಂದು ಬರೆದ ಗಿಳಿ, ಬಳ್ಳಿ, ಹೂವು. ಅವಕ್ಕೆ ಬೇರೆಲ್ಲೂ ನಕಲಿರಲಿಲ್ಲ.

ಒಂದು ವರ್ಷ ಮಹಾನವಮಿಗೆ ಯಂತ್ರಗಳ ಪೂಜೆ ನನ್ನ ಪಾಲಿಗೆ ಬಂತು. ಹೊರಗಿನ ಡಬ್ಬಿಗೆ ವಿಭೂತಿ ಹಚ್ಚಿ ಏನು ಬಂತು, ದುಡಿಯುವುದು ಒಳಗಿನದಲ್ಲವೇ ಎಂದು ನನ್ನ ಬುದ್ಧಿ ಓಡಿತು. ಡಿಸ್ಕನ್ನು ಹೊರಗೆಳೆದು ಮಗುಚಿ, ಅದರ ಹಸಿರು ಬೋರ್ಡಿನ ಮೇಲೆ ನೀರಲ್ಲಿ ಕಲಸಿದ ವಿಭೂತಿಯ ಮೂರು ಗೆರೆ ಎಳೆದೆ. ಭಕ್ತಿಯಿಂದಲೇ ಎಳೆದೆ. ಒಣಗುವ ಮೊದಲೇ ಕರೆಂಟೂ ಕೊಟ್ಟೆ. ಚಿಟ್ ಎಂದಿತು. ಸುಟ್ಟ ವಾಸನೆ ಬಂತು. ಡಿಸ್ಕು ತಿರುಗಲಿಲ್ಲ.

ಚಾಚಾ ಬಂದು ಡಿಸ್ಕನ್ನು ಕೈಗೆತ್ತಿಕೊಂಡು ಮೂಸಿದರು.

"ನನ್ನ ಗಿಳಿ ಹೋದುವೇನೋ?"

"ಒಳಗ ಅದಾವ್ರಿ ಚಾಚಾ. ಮ್ಯಾಲಿನ ಬೋರ್ಡ್ ಅಷ್ಟ ಸುಟ್ಟೈತಿ. ಇಂಥಾದ್ದ ಇನ್ನೊಂದು ಡಿಸ್ಕ್ ಇದ್ರ ಅದರ ಬೋರ್ಡ್ ಹಾಕಬಹುದು."

ಅವರು ಅಟ್ಟದಿಂದ ಒಂದು ಚೀಲ ಇಳಿಸಿದರು. ಅದರಲ್ಲಿ ಇದರ ಜೊತೆಗೇ ಕೊಂಡ ಡಿಸ್ಕು; ತಿರುಗುವುದು ನಿಂತು ಎಷ್ಟೋ ವರ್ಷವಾಗಿತ್ತು, ಬೋರ್ಡು ಮಾತ್ರ ಚೆನ್ನಾಗಿತ್ತು.

"ಎದುರಿಗಿ ಕುಂತು ಪೂಜಿ ಮಾಡಂದ್ರ ಗರ್ಭಗುಡಿಗೆ ಹೊಕ್ಕೀಯಲ್ಲ ಬೇಟಾ," ಎಂದು ಸ್ಕ್ರೂಡ್ರೈವರ್ ಕೊಟ್ಟರು.

ಬೋರ್ಡು ಬದಲಿಸಿದೆ. ಡಿಸ್ಕು ಗುಂಯ್ ಎಂದಿತು. ಪರದೆಯ ಮೇಲೆ ಗಿಳಿ ಮೂಡಿದಾಗ ನನ್ನ ಕಣ್ಣು ತುಂಬಿತ್ತು.

"ಅತ್ತ ಸರದು ಅಳು. ಮತ್ತ ನೀರು ಬಿದ್ದೀತು."

ಅವತ್ತೇ ಎಲ್ಲದರ ನಕಲು ಮಾಡಿಕೊಂಡೆವು. ಈಗಿನ ಡಿಸ್ಕಿಗೆ ಕೇಬಲ್ಲೂ ಇಲ್ಲ, ಸದ್ದೂ ಇಲ್ಲ, ಬೆರಳುದ್ದದ ಪಟ್ಟಿ. ಸುಟ್ಟರೆ ಹೀಗೆ ಜೀವ ತುಂಬುವುದು ನನ್ನಿಂದಾಗದು.

ಇವತ್ತು ಆ ಧೂಳು ಕೊಡವಿ ನನ್ನ ಅಂಗಡಿಗೆ ಬೀಗ ಹಾಕಿದೆ. ಚಾಚಾನ ಚಿತ್ರಗಳನ್ನೆಲ್ಲ ಅಂಥದೊಂದು ಹೊಸ ಡಿಸ್ಕಿಗೆ ತುಂಬಿ, ಲ್ಯಾಪ್‌ಟಾಪ್ ಮತ್ತು ಮೌಸ್ ಹಿಡಿದು ಅವರ ಮನೆಗೆ ಹೋದೆ. ಪತ್ರಿಕೆಗಳೆಲ್ಲ ಮೊಬೈಲಿಗೆ ಹೋದ ಮೇಲೆ ಅವರು ಅಂಗಡಿ ಮುಚ್ಚಿದ್ದಾರೆ; ಗೆರೆ ಎಳೆಯುವುದನ್ನೂ ಬಿಟ್ಟಿದ್ದಾರೆ. ಒಂದೊಂದೇ ಚಿತ್ರ ನೋಡಿದರು.

"ನನ್ನ ಜನ್ಮದ ಕೆಲಸ ಎಷ್ಟು ಜಾಗ ಹಿಡೀತು?"

ಹೇಳಲು ಸಂಕೋಚವಾಯಿತು. "ಒಂದು ಮೂಲಿನೂ ತುಂಬಿಲ್ರಿ."

"ಉಳಿದಿದ್ದೆಲ್ಲಾ ಖಾಲಿ?"

"ಖಾಲಿ ರಿ ಚಾಚಾ."

ಕನ್ನಡಕ ಒರೆಸಿ ಹಾಕಿಕೊಂಡರು. "ಹಂಗಾರ ಆ ಮೌಸ್ ಇತ್ತ ಸರಸು."