ಕೊನೆಯ ಪುಟದ ಗಂಟೆ

ಬಲಗೈಯ ಹೆಬ್ಬೆರಳಿಗೆ ಹಸಿರು ರಬ್ಬರಿನ ಟೊಪ್ಪಿ. ಹಳೆಯ ಕಾಲದ ಗುಮಾಸ್ತರು ಕಾಗದ ಮಗುಚಲು ಹಾಕಿಕೊಳ್ಳುತ್ತಿದ್ದರಲ್ಲ, ಅಂಥದ್ದು. ನಮ್ಮ ಕಾಲೇಜಿನ ಲೈಬ್ರರಿ ಮೇಡಂ ಅದನ್ನು ಬೆಳಿಗ್ಗೆ ಹಾಕಿಕೊಂಡರೆ ಸಂಜೆಯೇ ತೆಗೆಯುವುದು. ಪುಸ್ತಕ ಮಗುಚುವಾಗ ಸರಿ, ಮೌಸ್ ಹಿಡಿಯುವಾಗ ಅದರಿಂದ ಏನು ಉಪಯೋಗ ಎಂದು ನನಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಯಾರಾದರೂ ಪೆದ್ದು ಪ್ರಶ್ನೆ ಕೇಳಿದರೆ ಆ ಟೊಪ್ಪಿಯಿಂದಲೇ ಮೇಜಿಗೆ ಮೆತ್ತಗೆ ಬಡಿಯುತ್ತಿದ್ದರು. ಎಂಎಸ್ಸಿಯ ಎರಡು ವರ್ಷದಲ್ಲಿ ನಾನು ಆ ಸದ್ದನ್ನು ಎಷ್ಟು ಕೇಳಿದ್ದೇನೆಂದರೆ, ಈಗಲೂ ಎಲ್ಲಾದರೂ ತಪ್ಪು ಮಾಡಿದಾಗ ಕಿವಿಯಲ್ಲಿ ಟಪ್ ಎನ್ನುತ್ತದೆ.

ಅವರದು ಜೆಪ್ಪುವಿನಲ್ಲಿ ದೊಡ್ಡ ಮನೆತನ. ಅಣ್ಣಂದಿರು ಹೋಟೆಲು ನಡೆಸುವವರು. "ನಮ್ಮ ಮನೆಯಲ್ಲಿ ಎಲ್ಲರಿಗೂ ನಾನು ಪುಸ್ತಕ ಕಾಯುವವಳು. ತೋಟಕ್ಕೆ ನಾಯಿ ಇದ್ದ ಹಾಗೆ" ಎಂದು ಅವರೇ ಹೇಳಿ ನಗುತ್ತಿದ್ದರು. ಆದರೆ ಅವರು ಕಾಯುತ್ತಿದ್ದದ್ದು ಪುಸ್ತಕವನ್ನಲ್ಲ. ಯಾರಿಗೆ ಯಾವ ಲೇಖನ ಸಿಕ್ಕಿಲ್ಲ ಎನ್ನುವುದನ್ನು ಒಂದು ಉದ್ದ ನೋಟುಪುಸ್ತಕದಲ್ಲಿ ಬರೆದಿಟ್ಟು, ಅದು ಸಿಗುವ ದಾರಿ ಕಾಯುತ್ತಿದ್ದರು.

ಮೇಜಿನ ತುದಿಯಲ್ಲಿ ಹಿತ್ತಾಳೆಯ ಒಂದು ಸಣ್ಣ ಗಂಟೆ ಇತ್ತು. ಲೈಬ್ರರಿ ಮುಚ್ಚುವ ಹೊತ್ತಾಯಿತು ಎಂದು ತಿಳಿಸಲು ಇಟ್ಟದ್ದು. ಮೇಡಂ ಅದಕ್ಕೆ ಇನ್ನೊಂದು ಕೆಲಸವನ್ನೂ ಕೊಟ್ಟಿದ್ದರು. ಬಹಳ ದಿನ ಸತಾಯಿಸಿದ ಲೇಖನವೊಂದರ ಫುಲ್ ಟೆಕ್ಸ್ಟ್, ಎಂದರೆ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗಿನ ಇಡೀ ಲೇಖನ, ಸಿಕ್ಕಿದಾಗ ಗಂಟೆಯನ್ನು ಒಮ್ಮೆ ಬಾರಿಸುವುದು. 'ಮೌನವಾಗಿರಿ' ಎಂಬ ಬೋರ್ಡಿನ ಕೆಳಗೇ! ಓದುತ್ತಿದ್ದವರೆಲ್ಲ ತಲೆಯೆತ್ತಿ ಯಾರ ಅದೃಷ್ಟ ಎಂದು ನೋಡುತ್ತಿದ್ದೆವು. ಪ್ರಿನ್ಸಿಪಾಲರು ಒಮ್ಮೆ ಆಕ್ಷೇಪಿಸಿದ್ದಕ್ಕೆ, "ಸರ್, ಹುಡುಕುವಾಗ ಮೌನ ಬೇಕು. ಸಿಕ್ಕಿದ ಮೇಲೂ ಸುಮ್ಮನಿದ್ರೆ ಅದು ಲೈಬ್ರರಿಯಾ, ಆಸ್ಪತ್ರೆಯಾ?" ಎಂದಿದ್ದರಂತೆ.

ನಾನು ಬೆಂಗ್ರೆಯವಳು. ದಿನಾ ಫೆರಿಯಲ್ಲಿ ಹೊಳೆ ದಾಟಿ ಕಾಲೇಜಿಗೆ ಬರುವವಳು. ಪ್ರಾಜೆಕ್ಟಿಗೆ ಮರುವಾಯಿಯನ್ನು ಆರಿಸಿಕೊಂಡಿದ್ದೆ. ಅಳಿವೆಯ ಮರಳಿನಲ್ಲಿ ಹುದುಗಿರುವ ಆ ಚಿಪ್ಪುಜೀವಿಯನ್ನು ಹೆಕ್ಕಿ ಮಾರಿ ನನ್ನ ಉಮ್ಮ ಬೆಳೆದವಳು, ನನ್ನನ್ನು ಹೆತ್ತು ಬೆಳೆಸಿದವಳು. ಉಮ್ಮನಿಗೆ ಒಂದು ಹಳೆಯ ಕಥೆಯಿತ್ತು. ಮದುವೆಗೆ ಮೊದಲು ಯಾರೋ ಒಬ್ಬರು ಮಾಸ್ಟರು ಡಬ್ಬಿ, ಅಳತೆಪಟ್ಟಿ ಹಿಡಿದುಕೊಂಡು ಬಂದಿದ್ದರಂತೆ. ಮರುವಾಯಿ ಎಲ್ಲೆಲ್ಲಿ ಸಿಗುತ್ತದೆ ಎಂದು ಒಂದು ಇಡೀ ಬೇಸಿಗೆ ಉಮ್ಮನೇ ಅವರಿಗೆ ತೋರಿಸಿದ್ದಂತೆ. "ನಿನ್ನ ಹೆಸರು ಪುಸ್ತಕದಲ್ಲಿ ಹಾಕ್ತೇನೆ" ಎಂದು ಹೇಳಿ ಹೋದವರು ಮತ್ತೆ ಪತ್ತೆಯಿಲ್ಲ. ಮನೆಯಲ್ಲಿ ಯಾರಾದರೂ ಕೊಟ್ಟ ಮಾತು ತಪ್ಪಿದರೆ ನಾವು "ಮರುವಾಯಿ ಮಾಸ್ಟರು" ಎಂದು ತಮಾಷೆ ಮಾಡುತ್ತಿದ್ದೆವು. ಉಮ್ಮನೂ ನಗುತ್ತಿದ್ದಳು, ಆದರೆ ಸ್ವಲ್ಪ ತಡವಾಗಿ.

ನನ್ನ ವಿಷಯಕ್ಕೆ ಆಧಾರವಾಗಿ ಒಂದೇ ಒಂದು ಹಳೆಯ ಲೇಖನವಿತ್ತು. ಅಂತರ್ಜಾಲದಲ್ಲಿ ಅದರ ಅಬ್‌ಸ್ಟ್ರಾಕ್ಟ್, ಎಂದರೆ ಹತ್ತು ಸಾಲಿನ ಸಾರಾಂಶ ಮಾತ್ರ ಕಾಣುತ್ತಿತ್ತು. ನಾನು ಅದನ್ನೇ ನೆಕ್ಕಿ, ಇಡೀ ಲೇಖನ ಓದಿದವಳ ಹಾಗೆ ಪ್ರಾಜೆಕ್ಟಿನಲ್ಲಿ ಉಲ್ಲೇಖಿಸಿಬಿಟ್ಟೆ. ನನ್ನ ಗೈಡ್ ಸರ್ ಒಂದೇ ಪ್ರಶ್ನೆ ಕೇಳಿದರು: "ಅವರು ಮರುವಾಯಿಯನ್ನು ಲೆಕ್ಕ ಮಾಡಿದ್ದು ಹೇಗೆ?" ನಾನು "ದೋಣಿಯಲ್ಲಿ, ಸರ್" ಎಂದೆ. ಸರ್ ಕನ್ನಡಕ ತೆಗೆದು ಇಟ್ಟರು. ಸೋಮವಾರದೊಳಗೆ ಪೂರ್ತಿ ಲೇಖನ ತಂದು ತೋರಿಸದಿದ್ದರೆ ವಿಷಯವನ್ನೇ ಬದಲಾಯಿಸಬೇಕು ಎಂದರು. ಆರು ತಿಂಗಳು ಮೊಣಕಾಲುದ್ದ ನೀರಿನಲ್ಲಿ ನಿಂತು ಮಾಡಿದ ಕೆಲಸ! ಅಳುತ್ತಾ ಲೈಬ್ರರಿಗೆ ಓಡಿದೆ.

"ಓದದೆ ಓದಿದ್ದೇನೆ ಅಂತ ಬರೆದದ್ದಾ?" ಎಂದರು ಮೇಡಂ. ಟಪ್. "ಅಬ್‌ಸ್ಟ್ರಾಕ್ಟ್ ಓದುವುದು ಅಂದ್ರೆ ಹೋಟೆಲಿನ ಬಾಗಿಲಲ್ಲಿ ನಿಂತು ಪರಿಮಳ ತಗೊಂಡ ಹಾಗೆ ಮಾರಾಯ್ತಿ. ಹೊಟ್ಟೆ ತುಂಬಿತು ಅಂತ ತೇಗಬಾರದು. ಕೂತ್ಕೋ, ಎಂತ ಉಂಟು ನೋಡುವ."

ಆ ಗುರುವಾರವನ್ನು ನಾನು ಮರೆಯುವಂತಿಲ್ಲ. ನಾನು ಮೂರು ವಾರ ಕುರುಡಿಯ ಹಾಗೆ ಗೂಗಲ್‌ನಲ್ಲಿ ತಡಕಾಡಿದ್ದನ್ನು ಅವರು ಹತ್ತು ನಿಮಿಷದಲ್ಲಿ ದಾರಿಗೆ ತಂದರು. ಮೊದಲು ಲೇಖನದ ಹೆಸರನ್ನು ಬಿಟ್ಟು, ಅದು ಅಚ್ಚಾದ ಪತ್ರಿಕೆಯ ಹೆಸರು ಹಿಡಿದರು. ಕಾಲೇಜಿನ ಇ-ಪತ್ರಿಕೆಗಳ ಪಟ್ಟಿಯಲ್ಲಿ ಅದು ಇತ್ತು! ನಾನು ಕುರ್ಚಿಯಿಂದ ಹಾರಿದೆ. "ಹಾರಬೇಡ. ನಮಗೆ ಹೊಸ ಸಂಚಿಕೆ ಮಾತ್ರ ತೆರೀತದೆ. ನಿನ್ನದು ಅದಕ್ಕಿಂತ ಹಳತು" ಎಂದರು. ಆಮೇಲೆ ಉಚಿತವಾಗಿ ಸಿಗುವ ಭಂಡಾರಗಳಲ್ಲಿ ನೋಡಿದರು, ಇಲ್ಲ. ಲೇಖಕರಿಗೇ ಬರೆಯೋಣವೆಂದರೆ ಅವರು ತೀರಿಕೊಂಡು ವರ್ಷಗಳಾಗಿದ್ದವು. ಮರುವಾಯಿ ಮಾಸ್ಟರು ಇವರೇ ಇರಬಹುದೇ ಎಂಬ ಯೋಚನೆ ನನಗೆ ಆಗಲೂ ಬರಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಸೋಮವಾರ ಮಾತ್ರ.

ಅಷ್ಟರಲ್ಲಿ ಮೇಡಂ, "ಅಯ್ಯೋ, ಇದಕ್ಕೆ ಮೊದಲು ಬೇರೆ ಹೆಸರಿತ್ತು!" ಎಂದು ಕೂಗಿದರು. ಪತ್ರಿಕೆ ನಡುವೆ ಹೆಸರು ಬದಲಾಯಿಸಿಕೊಂಡಿತ್ತು. "ಗಂಡನ ಮನೆಯ ಹೆಸರಲ್ಲಿ ಹುಡುಕಿದ್ರೆ ಸಿಗುವುದು ಹೇಗೆ? ತವರಿನ ಹೆಸರಲ್ಲಿ ಹುಡುಕುವ." ಹಳೆಯ ಹೆಸರಿನಲ್ಲಿ ಹುಡುಕಿದರೆ ಘಟ್ಟದ ಮೇಲಿನ ಒಂದು ಕಾಲೇಜಿನ ಲೈಬ್ರರಿಯಲ್ಲಿ ಅದರ ಹೊಲಿದಿಟ್ಟ ಸಂಪುಟ ಇದೆಯೆಂದು ತೋರಿಸಿತು. ಅಲ್ಲಿಯ ಗ್ರಂಥಪಾಲಕರಿಗೆ ಕೂಡಲೇ ವಿನಂತಿ ಪತ್ರ ಹೋಯಿತು, ಅದರ ಬೆನ್ನಿಗೇ ಫೋನು. ಆ ದಿನ ಫೆರಿಯಲ್ಲಿ ನಾನು ಕೂರಲೇ ಇಲ್ಲ. ನಿಂತೇ ಮನೆ ಸೇರಿದೆ.

ಶನಿವಾರ ಲೈಬ್ರರಿ ಒಂದು ಗಂಟೆಗೆ ಬಂದ್. ಹನ್ನೆರಡೂವರೆಗೆ ಮೇಲ್ ಬಂತು! ಪ್ರಿಂಟರು ಒಂದೊಂದೇ ಹಾಳೆ ಉಗುಳುತ್ತಿದ್ದ ಹಾಗೆ ನಾನು ಕಸಿದುಕೊಂಡು ಓದಿದೆ. ಹೇಗೆ ಲೆಕ್ಕ ಮಾಡಿದರು, ಸಮುದ್ರದ ಯಾವ ಇಳಿತದಲ್ಲಿ, ಎಲ್ಲ ಉಂಟು. ದೋಣಿಯಲ್ಲಿ ಅಲ್ಲ, ನೀರಿಗಿಳಿದು, ಕೈಯಿಂದ. ನಾನು ಗಂಟೆಯ ಕಡೆ ಕೈ ತೋರಿಸಿದೆ. ಮೇಡಂ ಹಸಿರು ಹೆಬ್ಬೆರಳಿನಿಂದ ಹಾಳೆ ಎಣಿಸುತ್ತಿದ್ದರು.

"ನಲವತ್ತೊಂದರಿಂದ ನಲವತ್ತೊಂಬತ್ತು. ಒಂಬತ್ತು ಪುಟ ಬೇಕು. ಇಲ್ಲಿ ಎಂಟೇ ಉಂಟು."

"ಪರವಾಗಿಲ್ಲ ಮೇಡಂ, ತೀರ್ಮಾನ ಎಂಟನೆಯದರಲ್ಲೇ ಮುಗಿದಿದೆ. ಇನ್ನು ಇರುವುದು ಬರೇ ಆಧಾರಗಳ ಪಟ್ಟಿ."

"ಅದು ನಿನಗೆ ಹೇಗೆ ಗೊತ್ತು? ಓದಿದ್ದೀಯಾ?"

ಅಟೆಂಡರ್ ಬೀಗ ಹಿಡಿದು ನಿಂತಿದ್ದ. ನನಗೆ ಸಿಟ್ಟು ಬಂತು, ನಿಜ ಹೇಳಬೇಕು. ಕೆಲಸ ಆಗಿದೆ, ಮತ್ತೆಂತಕ್ಕೆ ಈ ಹಟ ಎಂದು ಬಾಯಿಗೆ ಬಂದದ್ದನ್ನು ನುಂಗಿದೆ. ಮೇಡಂ ಆಗಲೇ ಫೋನಿನಲ್ಲಿದ್ದರು. "ಒಂದು ಪುಟ ಬಿಟ್ಟುಹೋಗಿದೆ ಮಾರಾಯ್ರೆ... ಹೌದು, ಈಗಲೇ ಬೇಕು... ಫುಲ್ ಅಂದ್ರೆ ಫುಲ್ ಅಲ್ವಾ?" ಒಂದು ಗಂಟೆ ಹೊಡೆದು ಇಪ್ಪತ್ತು ನಿಮಿಷ ಕಳೆಯಿತು. ಆಮೇಲೆ ಆ ಒಂದು ಹಾಳೆ ಬಂತು.

ಮೇಲ್ಗಡೆ ನಾಲ್ಕು ಸಾಲು, ಕೃತಜ್ಞತೆಗಳು. ಮರುವಾಯಿಯ ನೆಲೆಗಳನ್ನು ತೋರಿಸಿಕೊಟ್ಟು, ಇಡೀ ಬೇಸಿಗೆ ಜೊತೆಗೆ ನೀರಿಗಿಳಿದ ಬೆಂಗ್ರೆಯ ಹುಡುಗಿಗೆ, ಎಂದು ಬರೆದು, ಅವಳ ಹೆಸರು. ನನ್ನ ಉಮ್ಮನ ಹೆಸರು. ಅವಳ ಬಾಪನ, ನನ್ನಜ್ಜನ ಹೆಸರಿನೊಂದಿಗೆ.

ಆ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದೆ. "ಯಾರು?" ಎಂದು ಕೇಳಿದರು. "ಉಮ್ಮ" ಎಂದೆ. ಮೇಡಂ ಆ ಸಾಲನ್ನು ಎರಡು ಸಲ ಓದಿ, ಹೆಬ್ಬೆರಳಿನ ಟೊಪ್ಪಿ ತೆಗೆದು ಮೇಜಿನ ಮೇಲಿಟ್ಟರು. ಅದಿಲ್ಲದ ಅವರ ಹೆಬ್ಬೆರಳನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ಗಂಟೆ ಬಾರಿಸಿದರು. ಒಂದಲ್ಲ, ಮೂರು ಸಲ. ಖಾಲಿ ಲೈಬ್ರರಿಯಲ್ಲಿ ಕೇಳಲು ಇದ್ದದ್ದು ನಾನು ಮತ್ತು ಅಟೆಂಡರ್.

ಉಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಹಾಳೆಯನ್ನು ಅವಳ ಮುಂದೆ ಹಿಡಿದು ಸಾಲಿನ ಕೆಳಗೆ ಬೆರಳೆಳೆದೆ. ತುಂಬ ಹೊತ್ತು ನೋಡಿ, "ಹಾಗಾದ್ರೆ ಮಾಸ್ಟರು ಸುಳ್ಳು ಹೇಳ್ಲಿಲ್ಲ" ಎಂದಳು. ಸೋಮವಾರ ಗೈಡ್ ಸರ್‌ಗೆ ಒಂಬತ್ತು ಪುಟ ಕೊಟ್ಟೆ. ಮೇಡಂಗೆ ಉಮ್ಮ ಕಳಿಸಿದ ಮರುವಾಯಿ ಹಾಕಿ ಮಾಡಿದ ಅಕ್ಕಿ ಉಂಡೆ, ಪುಂಡಿಯ ಡಬ್ಬಿ ಕೊಟ್ಟೆ. ತಿಂಡಿ ತರಬಾರದು ಎಂಬ ಬೋರ್ಡನ್ನು ತಾವೇ ಬರೆಸಿದವರು ಹಿಂದಿನ ಕೋಣೆಗೆ ಹೋಗಿ ಪೂರ್ತಿ ತಿಂದು, ಡಬ್ಬಿ ತೊಳೆದು ಕೊಟ್ಟರು. "ಇದರ ಅಬ್‌ಸ್ಟ್ರಾಕ್ಟ್ ಸಾಕಾಗುವುದಿಲ್ಲ ಅಂತ ಉಮ್ಮನಿಗೆ ಹೇಳು" ಎಂದರು.

ಮೇಡಂ ಹೋದ ವರ್ಷ ನಿವೃತ್ತರಾದರು. ಈ ವರ್ಷ ನನ್ನ ಮೊದಲ ಲೇಖನ ಅಚ್ಚಾಯಿತು, ಮರುವಾಯಿಯ ಮೇಲೆಯೇ. ಅದರ ಕೊನೆಯ ಪುಟದಲ್ಲಿ ಅವರ ಹೆಸರು ಹಾಕಿದ್ದೇನೆ. ಇಲ್ಲಿ ಬರೆಯುವುದಿಲ್ಲ. ಬೇಕಾದವರು ಅಲ್ಲಿಯವರೆಗೆ ಓದಿಕೊಂಡು ಬರಲಿ. ಸುದ್ದಿ ತಿಳಿಸುವ ಖುಷಿಯಲ್ಲಿ ತಲೆ ಓಡದೆ ನಾನು ಅವರಿಗೆ ಬರೇ ಲಿಂಕ್ ಕಳಿಸಿಬಿಟ್ಟೆ. ಅದನ್ನು ಒತ್ತಿದರೆ ಕಾಲೇಜಿನ ಲಾಗಿನ್ ಇಲ್ಲದವರಿಗೆ ಕಾಣುವುದು ಹತ್ತು ಸಾಲು ಮಾತ್ರ. ಇಡೀ ಕಾಲೇಜಿಗೆ ಬಾಗಿಲು ತೆಗೆದುಕೊಟ್ಟವರು ಈಗ ಹೊರಗಿನವರು ಎಂಬುದು ನನಗೆ ಹೊಳೆದದ್ದು ಮರುದಿನ ಫೆರಿಯಲ್ಲಿ, ಅವರ ಮೇಲ್ ನೋಡಿದಾಗ. ಪರಿಚಯವೇ ಇಲ್ಲದವರಿಗೆ ಬರೆದ ಹಾಗಿತ್ತು: "ಮಾನ್ಯ ಲೇಖಕರೇ, ತಮ್ಮ ಲೇಖನದ ಫುಲ್ ಟೆಕ್ಸ್ಟ್ ನಮಗೆ ದೊರೆತಿಲ್ಲ. ದಯವಿಟ್ಟು ಒಂದು ಪ್ರತಿ ಕಳಿಸಿಕೊಡಬೇಕಾಗಿ ವಿನಂತಿ. ಎಲ್ಲ ಪುಟಗಳು ಇವೆಯೇ ಎಂದು ನೋಡಿ ಕಳಿಸಿ."

ನೋಡಿದೆ. ಎಣಿಸಿದೆ. ಫೆರಿ ದಡದ ದಕ್ಕೆ ಮುಟ್ಟುವ ಮೊದಲೇ ಕಳಿಸಿದೆ. ಅರ್ಧ ಗಂಟೆಯ ನಂತರ ಫೋನ್ ಬಂತು. ಎತ್ತಿ "ಮೇಡಂ" ಎಂದೆ. ಆ ಕಡೆಯಿಂದ ಸ್ಟೀಲಿನ ಲೋಟಕ್ಕೆ ಚಮಚದಿಂದ ಬಾರಿಸಿದ ಸದ್ದು ಕೇಳಿತು, ಮೂರು ಸಲ.