ಬ್ಯಾಂಡ್ ಸ್ಟ್ಯಾಂಡಿನ ಎಡಗಡೆ

ಇಲ್ಲಿ ಬರೆಯುವುದೆಲ್ಲ ನಾನು ಕಣ್ಣಾರೆ ಕಂಡದ್ದೇ ಎಂದು ಹೇಳುವ ಧೈರ್ಯ ನನಗಿಲ್ಲ. ಕಬ್ಬನ್ ಪಾರ್ಕಿನ ಆ ಸಂಜೆಯನ್ನು ನೆನೆದಾಗಲೆಲ್ಲ ಮರಗಳ ನಡುವೆ ಪುಟಾಣಿ ರೈಲೊಂದು ಕೂಗಿಕೊಂಡು ಹೋಗುತ್ತದೆ. ಆದರೆ ಆ ರೈಲು ಬಂದದ್ದು ಎಷ್ಟೋ ವರ್ಷಗಳ ನಂತರ. ಐವತ್ತರ ದಶಕದಲ್ಲಿ ಅದು ಇರಲೇ ಇಲ್ಲ. ನನ್ನ ಮಕ್ಕಳನ್ನು ಕರೆದುಕೊಂಡು ಹೋದಾಗ ಕಂಡದ್ದು ನನ್ನ ಬಾಲ್ಯದೊಳಕ್ಕೆ ನುಗ್ಗಿಬಿಟ್ಟಿರಬೇಕು. ಹೀಗೆ ಇನ್ನೂ ಏನೇನು ನುಗ್ಗಿದೆಯೋ. ಚಿಕ್ಕಮ್ಮ ಅಂದು ಉಟ್ಟಿದ್ದ ಸೀರೆ ನನ್ನ ನೆನಪಿನಲ್ಲಿ ನೇರಳೆ ಬಣ್ಣದ್ದು; ಅಮ್ಮ ಕೊನೆಯವರೆಗೂ ಅದು ಹಸಿರು ಎಂದೇ ವಾದಿಸಿದಳು. ಇರಲಿ, ರೈಲನ್ನು ತೆಗೆದುಹಾಕಿ ಉಳಿದದ್ದನ್ನು ಬರೆಯುತ್ತೇನೆ.

ನಾವು ಆಗ ರಾಜಾಜಿನಗರದಲ್ಲಿದ್ದೆವು. ಬಡಾವಣೆ ಹೊಸದು. ಕೆಮ್ಮಣ್ಣಿನ ರಸ್ತೆಗಳು, ಸುಣ್ಣದ ವಾಸನೆ ಇನ್ನೂ ಹೋಗದ ಮನೆಗಳು, ಅದರಾಚೆ ರಾಗಿ ಹೊಲ. ಅಮ್ಮನ ತಂಗಿ, ಅಂದರೆ ನನ್ನ ಚಿಕ್ಕಮ್ಮ, ನಮ್ಮ ಜೊತೆಗೇ ಇದ್ದು ಪ್ರೈಮರಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಅವಳನ್ನು ನೋಡಲು ಬಂದ ಗಂಡುಗಳಿಗೆಲ್ಲ ಉಪ್ಪಿಟ್ಟು, ಕೇಸರಿಬಾತು ಮಾಡಿ ಮಾಡಿ ಅಮ್ಮನಿಗೆ ಸಾಕಾಗಿತ್ತು. ಚಿಕ್ಕಮ್ಮ ಒಬ್ಬರನ್ನೂ ಒಪ್ಪುತ್ತಿರಲಿಲ್ಲ. ಯಾಕೆಂದು ಕೇಳಿದರೆ, "ತಲೆ ಬಗ್ಗಿಸಿಕೊಂಡು ಕೂತಿದ್ದೆ. ಕಾಲ್ಬೆರಳು ಅಷ್ಟೇ ಕಾಣಿಸ್ತು. ಬೆರಳು ನೋಡಿ ಹೆಂಗೆ ಒಪ್ಪಲಿ?" ಎನ್ನುತ್ತಿದ್ದಳು.

ಕೊನೆಗೊಂದು ದಿನ ಅವರಿಬ್ಬರ ಅಣ್ಣ, ನನ್ನ ಸೋದರಮಾವ, ತಾಳ್ಮೆ ಕಳೆದುಕೊಂಡರು. "ಇನ್ನೊಂದು ಸಂಬಂಧ ಬಂದಿದೆ. ಇದನ್ನೂ ಬೇಡ ಅಂದ್ಯೋ, ಮುಂದಿನದಕ್ಕೆ ನಿನ್ನ ಕೇಳೋದೇ ಇಲ್ಲ. ನಾನೇ ಒಪ್ಪಿ ತಾಂಬೂಲ ಬದಲಾಯಿಸಿಕೊಂಡು ಬಂದ್ಬಿಡ್ತೀನಿ" ಎಂದರು. ಮಾವ ಹಾಗೆ ಮಾಡಿಯೇಬಿಡುವವರು. ಅದು ಚಿಕ್ಕಮ್ಮನಿಗೂ ಗೊತ್ತಿತ್ತು.

"ಆಯ್ತಣ್ಣ. ಆದರೆ ದಂಡಿನ ಅಂಗಡಿ ತರ ತೋರಿಸು" ಎಂದಳು.

ದಂಡು ಎಂದರೆ ಕಂಟೋನ್ಮೆಂಟು. ಕಬ್ಬನ್ ಪಾರ್ಕಿನಾಚೆಯ ಸೌತ್ ಪರೇಡು, ಕಮರ್ಷಿಯಲ್ ಸ್ಟ್ರೀಟು ಎಲ್ಲವೂ ನಮ್ಮ ಕಡೆಯವರ ಬಾಯಲ್ಲಿ ದಂಡೇ. ಚಿಕ್ಕಪೇಟೆಯಲ್ಲಾದರೆ ಬಿಳಿ ಹಾಸಿನ ಮೇಲೆ ಕೂರಿಸಿ ಸೀರೆಯ ಮೇಲೆ ಸೀರೆ ಬಿಚ್ಚಿ ಹರಡುತ್ತಿದ್ದರು. ಅಷ್ಟೆಲ್ಲ ಬಿಚ್ಚಿಸಿ ಬರಿಗೈಯಲ್ಲಿ ಎದ್ದು ಬರಲು ನಾಚಿಕೆ. ದಂಡಿನಲ್ಲಿ ಗಾಜಿನ ಷೋಕೇಸು. ರಸ್ತೆಯಲ್ಲೇ ನಿಂತು ನೋಡಿ, ಹಿಡಿಸದಿದ್ದರೆ ಮುಂದಕ್ಕೆ ಹೋಗಬಹುದು.

"ಗಂಡನ್ನೂ ಹಂಗೇ ತೋರಿಸು. ನಾನು ನೋಡ್ತಿರೋದು ಅವರಿಗೆ ಗೊತ್ತಾಗಬಾರದು."

"ಥೂ, ಗಂಡೇನು ಗೊಂಬೆನೇನೇ?"

"ಮತ್ತೆ ಹೆಣ್ಣು?"

ಅಮ್ಮ ಕಿಸಕ್ಕೆಂದು ನಕ್ಕುಬಿಟ್ಟಳು. ಆ ನಗುವಿನಿಂದಲೇ ಮಾವ ಸೋತರೆಂದು ನನ್ನ ಊಹೆ. ಗಂಡಿನ ಫೋಟೊ ಕೇಳುವಂತಿಲ್ಲ, ಹೆಣ್ಣಿನ ಕಡೆಯವರೇ ಗಂಡನ್ನು ಪರೀಕ್ಷಿಸಿದರೆಂದು ಸುದ್ದಿಯಾದರೆ ಸಂಬಂಧ ಮುರಿದಂತೆಯೇ. ಆದ್ದರಿಂದ ಏರ್ಪಾಟು ಗುಟ್ಟಾಗಿ ನಡೆಯಿತು. ಗಂಡಿನ ಕಚೇರಿಯಲ್ಲೇ ಇದ್ದ ಮಾವನ ಪರಿಚಯದವರೊಬ್ಬರು ಶನಿವಾರ ಸಂಜೆ ಬ್ಯಾಂಡ್ ಕೇಳುವ ನೆಪದಲ್ಲಿ ಅವರನ್ನು ಪಾರ್ಕಿಗೆ ಕರೆತರುವುದು. ಮಾವನ ಮುಖ ಗಂಡಿಗೆ ಪರಿಚಯವಿದ್ದದ್ದರಿಂದ ಮಾವ ಬರುವಂತಿರಲಿಲ್ಲ. ಗುರುತು ಮಾತ್ರ ಹೇಳಿ ಕಳಿಸಿದರು: "ಬ್ಯಾಂಡ್ ಸ್ಟ್ಯಾಂಡಿನ ಎಡಗಡೆ ಬೆಂಚು. ಇಬ್ಬರು ಕೂತಿರ್ತಾರೆ. ಕೊಡೆ ಇಟ್ಟುಕೊಂಡಿರೋನೇ ಗಂಡು."

ಅಮ್ಮ, ಚಿಕ್ಕಮ್ಮ, ನಾನು ಬಸ್ಸು ಬದಲಾಯಿಸಿಕೊಂಡು ಮೊದಲು ಕಮರ್ಷಿಯಲ್ ಸ್ಟ್ರೀಟಿಗೆ ಹೋದೆವು. ಯಾರಾದರೂ ಗುರುತಿನವರು ಸಿಕ್ಕರೆ ಹೇಳಿಕೊಳ್ಳಲು ಕೈಯಲ್ಲೊಂದು ಚೀಲವಾದರೂ ಇರಬೇಕೆಂಬುದು ಅಮ್ಮನ ಜಾಣತನ. ರವಿಕೆ ಬಟ್ಟೆ ಅವಳಿಗೆ, ರಿಬ್ಬನ್ ನನಗೆ. ಅಂಗಡಿಯ ಸಾಬರು ಬಾಗಿಲಲ್ಲೇ ನಿಂತು, "ಬನ್ನಿ ಅಮ್ಮಾ, ಒಳಗೆ ಬನ್ನಿ, ನೋಡೋದಕ್ಕೆ ದುಡ್ಡಿಲ್ಲ!" ಎಂದು ಕೂಗುತ್ತಿದ್ದರು. ಚಿಕ್ಕಮ್ಮ ಮಾತ್ರ ಷೋಕೇಸಿನ ಸೀರೆಗಳನ್ನು ಬಿಟ್ಟು ಗಾಜಿನಲ್ಲಿ ಕಾಣುವ ತನ್ನ ಮುಖವನ್ನೇ ನೋಡಿಕೊಳ್ಳುತ್ತಿದ್ದಳು.

"ಅವನು ನೋಡಲ್ಲ ಅಂದ ಮೇಲೆ ಇಷ್ಟೊಂದು ಸಿಂಗಾರ ಯಾಕೇ?" ಎಂದು ಅಮ್ಮ ಚುಚ್ಚಿದಳು.

"ಗಾಳಿಗೆ ಕೂದಲು ಹಾರ್ತಿದೆ ಕಣಕ್ಕ, ಅಷ್ಟೇ."

ಅಲ್ಲಿಂದ ಜಟಕಾ ಹಿಡಿದು ಪಾರ್ಕಿಗೆ ಬಂದೆವು. ವಿಧಾನಸೌಧ ಕಟ್ಟುತ್ತಿದ್ದ ಕಡೆಯಿಂದ ಕಲ್ಲು ಕೆತ್ತುವ ಸದ್ದು ಬಿದಿರು ಮೆಳೆಗಳನ್ನು ದಾಟಿ ಬರುತ್ತಿತ್ತು. ಬ್ಯಾಂಡಿನವರು ಹಿತ್ತಾಳೆಯ ತುತ್ತೂರಿಗಳನ್ನು ಒರೆಸಿ ಸಿದ್ಧವಾಗುತ್ತಿದ್ದರು. ಆಗ ನಮಗೆ ಹೊಳೆಯಿತು: ಬ್ಯಾಂಡ್ ಸ್ಟ್ಯಾಂಡು ಸುತ್ತಲೂ ತೆರೆದ ದುಂಡನೆಯ ಮಂಟಪ. ಅದಕ್ಕೆ ಎಡ ಯಾವುದು, ಬಲ ಯಾವುದು?

"ನಾವು ಬಂದ ದಾರಿಯಿಂದ ಎಡ," ಎಂದಳು ಅಮ್ಮ.

"ಅಲ್ಲ ಕಣಕ್ಕ, ಬ್ಯಾಂಡಿನೋರು ಮುಖ ಮಾಡಿರೋ ಕಡೆಯಿಂದ."

"ಅವರು ಸುತ್ತಲೂ ಕೂತಿದಾರಲ್ಲೇ!"

ಮೋಡ ಬೇರೆ ಕವಿದಿತ್ತು. ಪಾರ್ಕಿನ ಗಂಡಸರಲ್ಲಿ ಅರ್ಧದಷ್ಟು ಜನರ ಕೈಯಲ್ಲಿ ಕೊಡೆ. ಮಂಟಪದ ಈಚೆ ಬದಿಯ ಬೆಂಚಿನಲ್ಲಿ ಇಬ್ಬರು, ಒಂದು ಕೊಡೆ. ಆಚೆ ಬದಿಯಲ್ಲೂ ಇಬ್ಬರು, ಒಂದು ಕೊಡೆ. ಈಚೆಯ ಕೊಡೆಯವರು ಎತ್ತರ, ಗುಂಗುರು ಕೂದಲು, ತಾಳಕ್ಕೆ ಸರಿಯಾಗಿ ಕಾಲು ಕುಣಿಸುತ್ತಿದ್ದರು. ಆಚೆಯವರು ಗಿಡ್ಡ, ಕನ್ನಡಕ. ಕಡಲೆಕಾಯಿ ಬಿಡಿಸುತ್ತ ಸಿಪ್ಪೆಯನ್ನೆಲ್ಲ ತಮ್ಮ ಜೇಬಿಗೇ ಹಾಕಿಕೊಳ್ಳುತ್ತಿದ್ದರು. ನನಗೆ ಹೂವಿನ ಮಡಿ ತೋರಿಸುವ ನೆಪದಲ್ಲಿ ಅಕ್ಕತಂಗಿಯರು ಮಂಟಪವನ್ನು ಸುತ್ತಿದ್ದೇ ಸುತ್ತಿದ್ದು. ಯಾರನ್ನಾದರೂ ಕೇಳೋಣವೆಂದರೆ ಏನೆಂದು ಕೇಳುವುದು?

"ಎತ್ತರದೋನೇ ಕಣೇ, ನೋಡು, ಎಷ್ಟು ಲಕ್ಷಣವಾಗಿದಾನೆ," ಎಂದು ಅಮ್ಮ ತೀರ್ಪು ಕೊಟ್ಟಳು. ಚಿಕ್ಕಮ್ಮ, ಬ್ಯಾಂಡು ಒಂದು ಹಾಡು ಮುಗಿಸುವವರೆಗೆ ನಿಂತಲ್ಲೇ ನಿಂತಿದ್ದು, "ಹೂಂ. ಆಗಬಹುದು ಅಂತ ಅಣ್ಣನಿಗೆ ಹೇಳು" ಎಂದಳು. ಅಷ್ಟರಲ್ಲಿ ಹನಿ ಬಿದ್ದು, ಕೊಡೆಗಳೆಲ್ಲ ಒಟ್ಟಿಗೇ ಬಿಚ್ಚಿಕೊಂಡು, ಯಾರ ಮುಖವೂ ಕಾಣದಂತಾಯಿತು. ನಾವು ನಗುತ್ತ ಬಸ್ಸಿಗೆ ಓಡಿದೆವು.

ಮಾವ ಒಪ್ಪಿಗೆ ಹೇಳಿ ಕಳಿಸಿದರು. ಶಾಸ್ತ್ರಕ್ಕೆಂದು ಹೆಣ್ಣು ನೋಡಲು ಗಂಡಿನ ಕಡೆಯವರು ನಮ್ಮ ಮನೆಗೆ ಬಂದ ದಿನ ಅಮ್ಮ ಅಡುಗೆಮನೆಯ ಬಾಗಿಲಿನಿಂದ ಇಣುಕಿದವಳು ಹಿಂದಕ್ಕೆ ಸರಿದು ಚಿಕ್ಕಮ್ಮನ ಮೊಣಕೈ ಹಿಡಿದಳು. "ಅಯ್ಯೋ, ಅವನಲ್ಲ ಕಣೇ! ಕನ್ನಡಕದೋನು!"

ಈಗ ಬೇಡವೆಂದರೆ ಮಾವ ಮುಂದೆ ಕೇಳುವುದೇ ಇಲ್ಲ. ಅಮ್ಮನಿಗೆ ಅಳುವೇ ಬಂದಿತ್ತು. ಚಿಕ್ಕಮ್ಮ ತಟ್ಟೆ ಎತ್ತಿಕೊಂಡು, "ಬಿಡಕ್ಕ, ಕಾಫಿ ಆರಿಹೋಗುತ್ತೆ" ಎಂದು ನಡೆದೇಬಿಟ್ಟಳು. ತಲೆ ಬಗ್ಗಿಸಿರಲಿಲ್ಲ. ಇದು ಮಾತ್ರ ನನಗೆ ಚೆನ್ನಾಗಿ ನೆನಪಿದೆ ಎಂದುಕೊಂಡಿದ್ದೇನೆ.

ಮದುವೆಯಾಯಿತು. ಚಿಕ್ಕಪ್ಪ ಒಳ್ಳೆಯವರು, ಮಾತುಗಾರರು. ಪಾರ್ಕಿನ ಗುಟ್ಟು ಎಂದೋ ಅವರ ಕಿವಿಗೆ ಬಿದ್ದು, ಈಗಲೂ ಯಾರ ಮದುವೆಗೆ ಹೋದರೂ ಎಲೆಯ ಮುಂದೆ ಕೂತು ಜಂಬ ಕೊಚ್ಚುತ್ತಾರೆ: "ನಮ್ಮದು ಅವಳೇ ಬಂದು, ನೋಡಿ, ಆರಿಸಿದ ಮದುವೆ ಕಣ್ರೀ!" ಅಮ್ಮ ಇದ್ದಷ್ಟು ದಿನ ಆ ಮಾತು ಬಂದಾಗ ತಲೆ ಎತ್ತದೆ ಸೊರ್ರೆಂದು ಪಾಯಸ ಸುರಿಯುತ್ತಿದ್ದಳು. ತಂಗಿ ಎತ್ತರದವನನ್ನು ಒಪ್ಪಿ, ಅಣ್ಣನಿಗೆ ಹೆದರಿ ಇವರನ್ನು ಕಟ್ಟಿಕೊಂಡಳೆಂದೇ ಅವಳ ನಂಬಿಕೆ. ಚಿಕ್ಕಮ್ಮ ಅಂದು ಕನ್ನಡಕದವರಿದ್ದ ಆಚೆಯ ಬೆಂಚಿನ ಕಡೆಗೇ ತಿರುಗಿ ನಿಂತಿದ್ದಳೆಂದು ನನ್ನ ನೆನಪು. ಆದರೆ ಹಾಗೆ ಆಗಿರಲಿ ಎಂಬ ಆಸೆಯೇ ನೆನಪಿನ ವೇಷ ಹಾಕಿಕೊಂಡಿದೆಯೇನೋ.

ಮೊನ್ನೆ ಬಸವೇಶ್ವರನಗರದ ಅವರ ಮನೆಗೆ ಹೋಗಿದ್ದೆ. ಚಿಕ್ಕಪ್ಪ ಒಳಗೆ ಮಲಗಿದ್ದರು. ಚಿಕ್ಕಮ್ಮ ನೆನೆಸಿದ ಅವರೇಕಾಳು ಹಿತಕುತ್ತಿದ್ದಳು. ನಾನೂ ಕೈ ಹಾಕಿದೆ. ಕೇಳಿದಾಗಲೆಲ್ಲ ನಕ್ಕು ಹಾರಿಸಿಬಿಡುತ್ತಾಳೆಂದು ಗೊತ್ತಿದ್ದೂ, ದನಿ ತಗ್ಗಿಸಿ ಮತ್ತೆ ಕೇಳಿದೆ:

"ಚಿಕ್ಕಮ್ಮಾ, ನಿಜ ಹೇಳು. ಅವತ್ತು ನೀನು ಹೂಂ ಅಂದದ್ದು ಯಾರನ್ನ ನೋಡಿ?"