ಹದಿನೇಳು ಕುರ್ಚಿಗಳ ನಕ್ಷೆ

ವರ್ಣಿಕಾ ತನ್ನ ಇಪ್ಪತ್ತೆರಡು ವರ್ಷಗಳಲ್ಲಿ ಅರ್ಧದಷ್ಟನ್ನು ಚಿಂತೆಯಲ್ಲೇ ಕಳೆದಳು ಎಂದರೆ ಅವಳೇ ಅಲ್ಲವೆನ್ನಲಾರಳು. ಪರೀಕ್ಷೆ ಚೆನ್ನಾಗಿ ಬರೆದ ದಿನ, ಇಷ್ಟು ಸುಲಭವಾಗಿತ್ತೆಂದರೆ ಎಲ್ಲೋ ಒಂದು ಪ್ರಶ್ನೆ ಬಿಟ್ಟುಹೋಗಿರಬೇಕು ಎಂದು ಊಟ ಬಿಡುವ ಹುಡುಗಿ. ಅಂಥವಳು ಹೋಗಿ ಹೋಗಿ ಆರ್ಕಿಟೆಕ್ಚರ್‌ಗೆ ಸೇರಿದಳು. ಅಲ್ಲಿ ಮಾಡಿದ್ದನ್ನೆಲ್ಲ ಗೋಡೆಗೆ ಅಂಟಿಸಿ, ಅದರ ಪಕ್ಕದಲ್ಲೇ ನಿಂತು, ನಾಲ್ಕು ಜನರಿಂದ ಹೇಳಿಸಿಕೊಳ್ಳುವುದೇ ಓದು.

ಎರಡನೇ ವರ್ಷದಲ್ಲಿ ಅವಳು ಕಲ್ಲಾಂಗ್ ನದಿಯ ದಂಡೆಗೆ ಒಂದು ಗ್ರಂಥಾಲಯ ವಿನ್ಯಾಸ ಮಾಡಿದ್ದಳು. ಅದರ ತುಂಬ ಮೆಟ್ಟಿಲು. ಕೂತು ಓದಬಹುದಾದ, ನೀರಿನವರೆಗೂ ಇಳಿಯುವ ಚೆಂದದ ಮೆಟ್ಟಿಲು. ಜ್ಯೂರಿಯಲ್ಲಿದ್ದ ಒಬ್ಬ ಹೆಂಗಸು, "ಮೊಣಕಾಲು ನೋವಿರೋರು ಪುಸ್ತಕ ಓದಲ್ವಾ?" ಎಂದು ಕೇಳಿದಳು. ಲಿಫ್ಟ್ ಇತ್ತು, ಆದರೆ ಅದನ್ನು ಹಿಂದುಗಡೆ ಕಸದ ಕೋಣೆಯ ಪಕ್ಕ ಇಟ್ಟಿದ್ದಳು. ಆ ಪ್ರಶ್ನೆ ಅವಳ ಹೊಟ್ಟೆಗೆ ಹೋಗಿ ಕೂತುಬಿಟ್ಟಿತು. ಮೂರನೇ ವರ್ಷದ ಹಾಕರ್ ಸೆಂಟರ್‌ಗೆ, ಅಂದರೆ ಒಂದೇ ಸೂರಿನಡಿಯ ತಿಂಡಿ ಅಂಗಡಿಗಳ ಕಟ್ಟಡಕ್ಕೆ, ಎಷ್ಟು ಇಳಿಜಾರು ದಾರಿಗಳನ್ನು ಹಾಕಿದಳೆಂದರೆ, ಇದೇನು ಕಾರ್ ಪಾರ್ಕಾ ಎಂದು ಅದೇ ಜ್ಯೂರಿ ನಕ್ಕಿತು.

ಇಂಟರ್ನ್‌ಶಿಪ್‌ಗೆ ತರಗತಿಯ ಚುರುಕಿನವರೆಲ್ಲ ಗಾಜಿನ ಗೋಪುರ ಕಟ್ಟುವ ದೊಡ್ಡ ಕಂಪನಿಗಳನ್ನು ಹಿಡಿದರು. ವರ್ಣಿಕಾ ಕಲ್ಲಾಂಗ್‌ನ ಹಳೆಯ ಕೈಗಾರಿಕಾ ಕಟ್ಟಡವೊಂದರಲ್ಲಿದ್ದ ಐದೇ ಜನರ ಆಫೀಸನ್ನು ಆರಿಸಿಕೊಂಡಳು. ಕೆಳಗಿನ ಮಹಡಿಯಲ್ಲಿ ಬಿಸ್ಕತ್ತು ಪ್ಯಾಕ್ ಮಾಡುವವರು, ಮೇಲೆ ಇವರು. ಹಳೆಯ ಹೌಸಿಂಗ್ ಬ್ಲಾಕುಗಳಲ್ಲಿ ನಿವಾಸಿಗಳನ್ನು ಕೇಳಿ ಕೇಳಿ ಸಣ್ಣಪುಟ್ಟ ಜಾಗ ಸರಿಪಡಿಸುವುದು ಅವರ ಕೆಲಸ. ಆಫೀಸಿನ ಮುಖ್ಯಸ್ಥೆ ಹ್ವೀ ಮಿನ್ ಮೊದಲ ದಿನವೇ ಅವಳನ್ನು ಬಿಶಾನ್‌ನ ಒಂದು ಬ್ಲಾಕಿಗೆ ಕಳಿಸಿದಳು. ಅಲ್ಲಿನ ವಾಯ್ಡ್ ಡೆಕ್, ಅಂದರೆ ಮನೆಗಳಿಲ್ಲದೆ ಬರೀ ಕಂಬಗಳೇ ಇರುವ ನೆಲಮಹಡಿ, ವಯಸ್ಸಾದವರು ಕೂರುವಂತೆ ಆಗಬೇಕಿತ್ತು. ಎರಡು ವಾರ ಸರ್ವೆ, ಆಮೇಲೆ ವಿನ್ಯಾಸ, ಕೊನೆಗೆ ನಿವಾಸಿಗಳ ಸಭೆಯಲ್ಲಿ ವರ್ಣಿಕಾಳೇ ನಿಂತು ಅದನ್ನು ವಿವರಿಸಬೇಕು. ಅವರು ಕೈಯೆತ್ತಿದರೆ ಕೆಲಸ ಮುಂದುವರಿಯುತ್ತದೆ, ಇಲ್ಲವಾದರೆ ಇಲ್ಲ. ಕಾಲೇಜಿಗೆ ಹೋಗುವ ವರದಿಯೂ ಅದರ ಮೇಲೆಯೇ.

"ಏನೇನಿದೆಯೋ ಎಲ್ಲ ಬರ್ಕೋ," ಎಂದಿದ್ದಳು ಹ್ವೀ ಮಿನ್.

ಈ ಮಾತನ್ನು ಬೇರೆ ಯಾರಿಗೆ ಹೇಳಿದ್ದರೂ ನಡೆಯುತ್ತಿತ್ತು. ವರ್ಣಿಕಾಳ ತಂದೆ ದ್ವಾರಕನಾಥ ಮೈಸೂರಿನವರು. ಹತ್ತೊಂಬತ್ತು ವರ್ಷಗಳಿಂದ ಬೆಳಗಾದರೆ ಕಂಪನಿ ಬಸ್ಸು ಹತ್ತಿ ಕಾರ್ಖಾನೆಗಳ ದ್ವೀಪವಾದ ಜುರಾಂಗ್ ಐಲ್ಯಾಂಡಿಗೆ ಹೋಗುವ ಎಂಜಿನಿಯರ್. ಸೈಟಿನಲ್ಲಿ ಇರುವುದೆಲ್ಲ ಡ್ರಾಯಿಂಗಿನಲ್ಲಿ ಇರಬೇಕು, ಡ್ರಾಯಿಂಗಿನಲ್ಲಿ ಇಲ್ಲದ್ದು ಸೈಟಿನಲ್ಲಿ ಇರಬಾರದು ಎಂಬುದನ್ನು ಆ ಮನೆಯಲ್ಲಿ ಅನ್ನ ಸಾರಿನ ಜೊತೆ ಬಡಿಸುತ್ತಿದ್ದರು. ಆ ಮಗಳ ಕೈಗೆ ಟೇಪು ಕೊಟ್ಟು ಎಲ್ಲ ಬರ್ಕೋ ಎಂದರೆ ಅವಳು ಬಿಡುವವಳೇ?

ವಾಯ್ಡ್ ಡೆಕ್ಕಿನ ಪೂರ್ವದ ಮೂಲೆಯಲ್ಲಿ ಹದಿನೇಳು ಕುರ್ಚಿಗಳಿದ್ದವು. ಯಾವುದೂ ಸರ್ಕಾರದ್ದಲ್ಲ. ಮನೆ ಖಾಲಿ ಮಾಡಿದವರು ಬಿಟ್ಟುಹೋದ ಊಟದ ಮೇಜಿನ ಕುರ್ಚಿ, ಚಕ್ರ ಕಿತ್ತುಹೋದ ಆಫೀಸು ಕುರ್ಚಿ, ಬಿರುಕಿಗೆ ಟೇಪು ಸುತ್ತಿದ ಪ್ಲಾಸ್ಟಿಕ್ ಕುರ್ಚಿ. ಬೆಳಿಗ್ಗೆ ಎಂಟಕ್ಕೆ ಮುದುಕರು ಮುದುಕಿಯರು ಒಬ್ಬೊಬ್ಬರಾಗಿ ಇಳಿದು ಬಂದು ತಮ್ಮ ತಮ್ಮದರಲ್ಲಿ ಕೂರುತ್ತಿದ್ದರು. ಯಾರದು ಯಾವುದೆಂದು ಯಾರೂ ಬರೆದಿಟ್ಟಿರಲಿಲ್ಲ, ಒಂದು ದಿನವೂ ಅದಲುಬದಲಾಗುತ್ತಿರಲಿಲ್ಲ. ಎಪ್ಪತ್ತೊಂಬತ್ತರ ಗೋ ಆಂಟಿಯ ಕುರ್ಚಿಯ ನಾಲ್ಕು ಕಾಲಿಗೂ ಮರದ ತುಂಡು ಜೋಡಿಸಿತ್ತು. ತಗ್ಗಿನಲ್ಲಿ ಕೂತರೆ ಆಕೆಗೆ ಏಳಲಾಗುತ್ತಿರಲಿಲ್ಲ. ಜೋಡಿಸಿಕೊಟ್ಟವರು ನಾಲ್ಕನೇ ಮಹಡಿಯ ಜುನೈದ್ ಅಂಕಲ್, ಹಿಂದೆ ಹಡಗುಕಟ್ಟೆಯಲ್ಲಿ ಬಡಗಿಯಾಗಿದ್ದವರು.

ವರ್ಣಿಕಾ ಪ್ರತಿಯೊಂದಕ್ಕೂ ನಂಬರು ಕೊಟ್ಟು, ಎತ್ತರ ಅಳೆದು, ಫೋಟೋ ತೆಗೆದು, ಯಾರು ಎಷ್ಟು ಹೊತ್ತು ಕೂರುತ್ತಾರೆಂದು ಗುರುತು ಹಾಕಿಕೊಂಡಳು.

"ಅಷ್ಟೊಂದು ಏನಮ್ಮಾ ಬರೀತೀಯ?" ಎಂದರು ಜುನೈದ್ ಅಂಕಲ್ ಒಂದು ದಿನ.

"ನಿಮಗೋಸ್ಕರಾನೇ ಅಂಕಲ್."

"ಸ್ವಲ್ಪ ಕಡಿಮೆ ಬರಿ ಲಾ," ಎಂದು ಆ ಊರಿನವರ 'ಲಾ' ಸೇರಿಸಿ ನಕ್ಕರು. ಅವಳೂ ನಕ್ಕಳು.

ನಕ್ಷೆ ಅಚ್ಚುಕಟ್ಟಾಗಿ ಬಂತು. ಗೋ ಆಂಟಿಯ ಹನ್ನೊಂದನೇ ಕುರ್ಚಿಯ ಪಕ್ಕ, 'ಎತ್ತರಿಸಿದವರು: ನಿವಾಸಿ ಜುನೈದ್' ಎಂದೂ ಇತ್ತು. ಕೆಳಗಿನ ಮೂಲೆಯಲ್ಲಿ ಸರ್ವೆ ಮಾಡಿದವರ ಹೆಸರು: ವರ್ಣಿಕಾ ಡಿ. ಹ್ವೀ ಮಿನ್ ನೋಡಿ, ಇಷ್ಟು ವರ್ಷದಲ್ಲಿ ಯಾವ ಇಂಟರ್ನ್ ಕೂಡ ಇಂಥದ್ದು ಮಾಡಿಲ್ಲ ಎಂದು ಹೊಗಳಿ, ಬ್ಲಾಕನ್ನು ನೋಡಿಕೊಳ್ಳುವ ಕಚೇರಿಗೆ ಕಳಿಸಿದಳು. ಒಂದು ವಾರ ವರ್ಣಿಕಾ ಹೊಟ್ಟೆ ತುಂಬ ಊಟ ಮಾಡಿದಳು. ಅವಳಿಗೆ ಅದು ಅಪರೂಪ.

ಮುಂದಿನ ಮಂಗಳವಾರ ಬಿಶಾನ್‌ಗೆ ಹೋದರೆ ಪೂರ್ವದ ಮೂಲೆ ಖಾಲಿ. ನೆಲ ತೊಳೆದು ಒಣಗಿತ್ತು. ಕಂಬದ ಮೇಲೆ, ಓಡಾಡುವ ಜಾಗದಲ್ಲಿ ವಸ್ತುಗಳನ್ನಿಡಬಾರದು ಎಂಬ ನೋಟಿಸು. ವರ್ಣಿಕಾ ಗುಡಿಸುವವರ ಮೇಸ್ತ್ರಿಯನ್ನು ಹಿಡಿದು ಕೇಳಿದಳು.

"ಆರು ವರ್ಷದಿಂದ ನೋಡ್ತಿದೀನಿ. ಸುತ್ತ ಗುಡಿಸಿಕೊಂಡು ಹೋಗ್ತಿದ್ವಿ," ಎಂದ ಅವನು. "ಯಾರೂ ಕೇಳ್ತಿರಲಿಲ್ಲ. ಈಗ ಪೇಪರ್ ಬಂದಿದೆ, ಹದಿನೇಳು ಐಟಂ, ಫೋಟೋ ಸಮೇತ. ಪೇಪರ್ ಬಂದ ಮೇಲೆ ನೋಡಿಲ್ಲ ಅನ್ನೋಕಾಗುತ್ತಾ?"

ಆ ಕುರ್ಚಿಗಳು ಅಷ್ಟು ವರ್ಷ ಉಳಿದಿದ್ದೇ ಯಾರೂ ಅವನ್ನು ಬರೆಯದೆ ಇದ್ದದ್ದರಿಂದ. ಇಡೀ ಬ್ಲಾಕಿಗೆ ಗೊತ್ತಿದ್ದ ಈ ಸಣ್ಣ ವಿಷಯ, ಎರಡು ವಾರ ಅಲ್ಲೇ ಕೂತು ಕಣ್ಣಲ್ಲಿ ಕಣ್ಣಿಟ್ಟು ನೋಡಿದವಳಿಗೆ ಹೊಳೆದಿರಲಿಲ್ಲ.

ಕೂಡಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಹ್ವೀ ಮಿನ್‌ಗೆ ಕುರ್ಚಿ ಹೋದದ್ದನ್ನಷ್ಟೇ ಹೇಳಿದಳು. ಪೇಪರಿನ ಮಾತು ಬಾಯಿಗೆ ಬರಲಿಲ್ಲ. ಹ್ವೀ ಮಿನ್ ಕಚೇರಿಗೆ ಫೋನು ಮಾಡಿದಾಗ ನಿಯಮ ನಿಯಮವೇ ಎಂಬ ಉತ್ತರ ಬಂತು. ಕುರ್ಚಿಗಳನ್ನು ಆಗಲೇ ವಿಲೇವಾರಿ ಮಾಡಿಯೂ ಆಗಿತ್ತು. ಸಭೆ ಇನ್ನು ಹನ್ನೊಂದು ದಿನ. ಅದೊಂದು ಮುಗಿಯಲಿ ಎಂದು ವರ್ಣಿಕಾ ತನಗೆ ತಾನೇ ಹೇಳಿಕೊಂಡಳು. ಗೋ ಆಂಟಿ ಕೆಳಗೆ ಬರುವುದನ್ನೇ ಬಿಟ್ಟಿದ್ದರು.

ಗುರುವಾರ ಬೆಳಿಗ್ಗೆ ಅವಳಿಗೆ ಅರುಂಧತಿ ಆಂಟಿಯ ಫೋನು ಬಂತು. ಅದೇ ಬ್ಲಾಕಿನ ಎರಡನೇ ಮಹಡಿಯಲ್ಲಿ ಬಾಡಿಗೆಗಿದ್ದವರು. ಬೆಂಗಳೂರಿನಿಂದ ಬಂದು ಎರಡು ವರ್ಷ, ಐಟಿ ಕೆಲಸ, ನಾಲ್ಕು ವರ್ಷದ ಮಗಳು ಲಾಸ್ಯಾ. ಕನ್ನಡದವರ ದೀಪಾವಳಿ ಊಟದಲ್ಲಿ ಪರಿಚಯ.

"ವರ್ಣಿಕಾ, ನೀನು ಇಲ್ಲೇ ಪ್ರಾಜೆಕ್ಟ್ ಮಾಡ್ತಿದೀಯಲ್ಲ, ನಿಂಗೇನಾದ್ರೂ ಗೊತ್ತಾ? ಕೆಳಗಡೆ ಚೇರ್ಸ್ ತೆಗೆಸಿದ್ದು ನಾನೇ ಅಂತಿದಾರಂತೆ."

"ನೀವಾ? ಯಾಕೆ ಆಂಟಿ?"

"ಹೋದ ವರ್ಷ ಲಾಸ್ಯಾಗೆ ಜ್ವರ ಬಂದಾಗ, ಸ್ವಲ್ಪ ಮೆತ್ತಗೆ ಮಾತಾಡಿ ಅಂತ ಒಂದ್ಸಲ ರಿಕ್ವೆಸ್ಟ್ ಮಾಡಿದ್ದೆ. ಅಷ್ಟೇ. ಈಗ ಲಿಫ್ಟಲ್ಲಿ ಯಾರೂ ಮುಖ ನೋಡ್ತಿಲ್ಲ. ಲಾಸ್ಯಾಗೆ ದಿನಾ ಚಾಕೊಲೇಟ್ ಕೊಡ್ತಿದ್ದ ಅಜ್ಜಿ ಕೂಡ ನಿನ್ನೆ ಆ ಕಡೆ ತಿರುಗಿಕೊಂಡ್ರು. ಮಗು ಕೇಳ್ತಿದೆ, ನಾನೇನ್ ಮಾಡ್ದೆ ಅಂತ."

"ವಿಚಾರಿಸ್ತೀನಿ ಆಂಟಿ," ಎಂದಳು ವರ್ಣಿಕಾ. ವಿಚಾರಿಸುವುದಕ್ಕೆ ಅಲ್ಲಿ ಏನಿತ್ತು? ಇಂಥ ವಿಷಯಗಳಲ್ಲಿ ಜನರಿಗೆ ಸಾಕ್ಷಿ ಬೇಕಾಗುವುದಿಲ್ಲ, ಹೊಸಬರೊಬ್ಬರು ಸಿಕ್ಕರೆ ಸಾಕು. ತಾನು ಮಾಡಿದ್ದರ ಗೂಬೆಯನ್ನು ಬ್ಲಾಕಿನವರು ಅರುಂಧತಿಯ ತಲೆಯ ಮೇಲೆ ಕೂರಿಸಿದ್ದರು. ತಾನು ಸುಮ್ಮನಿರುವ ಪ್ರತಿ ದಿನವೂ ಅದು ಅಲ್ಲೇ ಕೂತಿರುತ್ತಿತ್ತು.

ಆಮೇಲಿನ ದಿನಗಳಲ್ಲಿ ಅವಳು ಬೆಂಚುಗಳ ವಿನ್ಯಾಸ ಮಾಡಿದಳು, ಅಳಿಸಿದಳು, ಮತ್ತೆ ಮಾಡಿದಳು. ಎಂಆರ್‌ಟಿ ರೈಲಿನಲ್ಲಿ ನಿಂತಾಗ, ಹಲ್ಲುಜ್ಜುವಾಗ, ಹೇಳಬೇಕಾದ ವಾಕ್ಯಗಳನ್ನು ಕಟ್ಟುತ್ತಿದ್ದಳು. ಹೇಳಿದರೆ ನಿವಾಸಿಗಳು ಎದ್ದುಹೋಗುತ್ತಾರೆ, ಪ್ರಾಜೆಕ್ಟ್ ನಿಲ್ಲುತ್ತದೆ, ಆಫೀಸಿನ ಹೆಸರು ಕೆಡುತ್ತದೆ, ವರದಿಯಲ್ಲಿ ಏನು ಬರುತ್ತದೋ. ಹೇಳದಿದ್ದರೆ ಏನಾಗುತ್ತದೆ ಎನ್ನುವುದನ್ನು ಮಾತ್ರ ಅವಳು ಪೂರ್ತಿ ಯೋಚಿಸುತ್ತಿರಲಿಲ್ಲ. ಎರಡು ಸಲ ಅರುಂಧತಿಯ ಮೆಸೇಜು ಬಂತು. ಎರಡಕ್ಕೂ, ಇನ್ನೂ ಗೊತ್ತಾಗಿಲ್ಲ ಆಂಟಿ ಎಂದು ಬರೆದಳು.

ಸಭೆಯ ಹಿಂದಿನ ದಿನ, ಶುಕ್ರವಾರ ಸಂಜೆ, ತಡೆಯಲಾರದೆ ಅಪ್ಪನ ಮುಂದೆ ಎಲ್ಲ ಹೇಳಿಕೊಂಡಳು. ದ್ವಾರಕನಾಥರು ಕಾಫಿ ಲೋಟ ಕೆಳಗಿಟ್ಟರು.

"ನಮ್ಮಲ್ಲಿ ಪಂಪ್ ಹೌಸ್ ಹಿಂದೆ ಒಂದು ಹಲಗೆ ಇದೆ," ಎಂದರು. "ಕಾಂಟ್ರಾಕ್ಟ್ ಹುಡುಗರು ಮಧ್ಯಾಹ್ನ ಊಟ ಆದಮೇಲೆ ಅಲ್ಲಿ ಹತ್ತು ನಿಮಿಷ ಬೆನ್ನು ಚಾಚ್ತಾರೆ. ಯಾವ ಡ್ರಾಯಿಂಗಲ್ಲೂ ಇಲ್ಲ ಅದು. ನಾನು ದಿನಾ ಅದರ ಮುಂದೇನೇ ಹೋಗ್ತೀನಿ."

"ಏನ್ ಮಾಡ್ತೀರಾ?"

"ಏನೂ ಇಲ್ಲ. ಆಕಡೆ ನೋಡ್ಕೊಂಡು ಹೋಗ್ತೀನಿ."

ವರ್ಣಿಕಾಳಿಗೆ ಸಿಟ್ಟು ನೆತ್ತಿಗೇರಿತು. "ಅದನ್ನ ಯಾವತ್ತಾದ್ರೂ ಹೇಳಿದೀರಾ ಅಪ್ಪಾ? ಎಲ್ಲ ಡ್ರಾಯಿಂಗಲ್ಲಿ ಇರ್ಬೇಕು ಅಂತ ಮಾತ್ರ ಹೇಳಿದ್ರಿ."

"ಹೇಳೋ ಅಂಥದ್ದಲ್ಲ ಕಂದಾ ಅದು." ಅವರ ಮುಖ ಬಾಡಿತ್ತು. "ಆದ್ರೆ ಆ ಹೆಣ್ಮಗಳ ವಿಷಯ ಬೇರೆ. ಅದಕ್ಕೆ ಆಕಡೆ ನೋಡ್ಕೊಂಡು ಹೋಗೋಕಾಗಲ್ಲ."

ಶನಿವಾರ ಹತ್ತು ಗಂಟೆಗೆ ಸಭೆ, ಅದೇ ವಾಯ್ಡ್ ಡೆಕ್ಕಿನಲ್ಲಿ. ನಲವತ್ತು ಮಡಿಸುವ ಕುರ್ಚಿಗಳನ್ನು ಬಾಡಿಗೆಗೆ ತರಿಸಿ ಸಾಲಾಗಿ ಹಾಕಿದ್ದರು. ಗೋ ಆಂಟಿ ಮನೆಕೆಲಸದಾಕೆಯ ತೋಳು ಹಿಡಿದು ಇಳಿದು ಬಂದು, ಕೂರದೆ ಕಂಬಕ್ಕೆ ಒರಗಿ ನಿಂತರು. ಕೊನೆಯ ಸಾಲಿನಲ್ಲಿ ಅರುಂಧತಿ, ತೊಡೆಯ ಮೇಲೆ ಲಾಸ್ಯಾ. ಅವರ ಎರಡೂ ಪಕ್ಕದ ಕುರ್ಚಿಗಳು ಖಾಲಿಯಿದ್ದವು.

ವರ್ಣಿಕಾ ಮೈಕು ಹಿಡಿದಳು. ಮೊದಲ ಚಿತ್ರ ಪರದೆಯ ಮೇಲೆ ಬಂತು. ಬಾಯಿಪಾಠ ಮಾಡಿದ್ದ ಮೊದಲ ವಾಕ್ಯ ಹೇಳಿದಳು, ಎರಡನೆಯದು ಹೇಳಿದಳು. ಮೂರನೆಯದಕ್ಕೆ ಬಂದಾಗ ಆ ಖಾಲಿ ಕುರ್ಚಿಗಳು ಕಣ್ಣಿಗೆ ಬಿದ್ದವು.

"ನಿಮ್ಮ ಕುರ್ಚಿಗಳು ಹೋಗಿದ್ದು ನನ್ನಿಂದ," ಎಂದಳು. ಧ್ವನಿ ಅವಳದೆಂದು ಅವಳಿಗೇ ಅನ್ನಿಸಲಿಲ್ಲ. "ಯಾರೂ ಕಂಪ್ಲೇಂಟ್ ಕೊಟ್ಟಿಲ್ಲ. ನಾನು ಒಂದೊಂದನ್ನೂ ಬರೆದು ಫೋಟೋ ತೆಗೆದೆ. ಆ ಪೇಪರ್ ನೋಡಿ ತೆಗೆದ್ರು. ದಯವಿಟ್ಟು ಬೇರೆ ಯಾರ ಮೇಲೂ ಅನುಮಾನ ಪಡಬೇಡಿ. ಕ್ಷಮಿಸಿ."

ಹ್ವೀ ಮಿನ್ ಕಣ್ಣು ಮುಚ್ಚಿಕೊಂಡಳು.

ಜುನೈದ್ ಅಂಕಲ್ ಎದ್ದರು. ಗೋ ಆಂಟಿಗೆ ಆಕೆಯ ಚೀನೀ ನುಡಿ ಹೊಕ್ಕಿಯೆನ್‌ನಲ್ಲಿ ನಾಲ್ಕು ಮಾತು ಹೇಳಿ, ವರ್ಣಿಕಾಳ ಕಡೆ ತಿರುಗಿದರು.

"ನಂಗೊತ್ತು ಲಾ. ಕುರ್ಚಿ ಎತ್ತಿದ ದಿನ ಆಫೀಸರ್ ನಂಗೇ ಆ ಪೇಪರ್ ತೋರಿಸಿದ. ನನ್ನ ಹೆಸರಿತ್ತು, ನಿನ್ನ ಹೆಸರೂ ಇತ್ತು. ನೀನು ಓದೋ ಹುಡುಗಿ, ಮಾರ್ಕ್ಸ್ ಹೋಗುತ್ತೆ ಅಂತ ಸುಮ್ಮನಿದ್ದೆ."

ಮುಂದಿನ ಸಾಲಿನಲ್ಲಿ ಇಬ್ಬರು ಮೂವರು ತಲೆ ತಗ್ಗಿಸಿದರು. ಅಂಕಲ್ ಒಬ್ಬರಿಗೇ ಅಲ್ಲ, ಅವರಿಗೂ ಗೊತ್ತಿತ್ತು. ನಗುನಗುತ್ತ ಕುರ್ಚಿ ಅಳೆದ ಹುಡುಗಿ ತಮ್ಮವಳು, ಮೆತ್ತಗೆ ಮಾತಾಡಿ ಎಂದ ಬಾಡಿಗೆಯವಳು ಹೊರಗಿನವಳು. ಯಾರೂ ಕೂತು ತೀರ್ಮಾನ ಮಾಡಿರಲಿಲ್ಲ, ಹಾಗೇ ಆಗಿಹೋಗಿತ್ತು.

ಗೋ ಆಂಟಿ ಏನೋ ಹೇಳಿದರು. "ಬೆಂಚ್ ಹಾಕಿ ಅಂತಿದಾಳೆ," ಎಂದರು ಅಂಕಲ್. "ಆದ್ರೆ ಆ ಮೂಲೆ ಹಾಗೇ ಬಿಡಬೇಕಂತೆ. ಅಲ್ಲಿ ಏನೂ ಬರೀಬೇಡ." ಕೈಗಳು ಮೇಲೆದ್ದವು. ಹ್ವೀ ಮಿನ್ ಎಣಿಸಿದಳು. ಪ್ರಾಜೆಕ್ಟ್ ಉಳಿಯಿತು. ಹತ್ತಿರ ಬಂದು ಅವಳು ವರ್ಣಿಕಾಳ ಭುಜ ಒತ್ತಿ, "ಕಳಿಸಿದ್ದು ನಾನು. ನೀನು ನಂಗೆ ಮೊದಲೇ ಹೇಳಬೇಕಿತ್ತು," ಎಂದಳು. ಬೈಗುಳವೋ ಸಮಾಧಾನವೋ ತಿಳಿಯಲಿಲ್ಲ.

ಜನ ಏಳುತ್ತಿದ್ದರು. ವರ್ಣಿಕಾ ಕೊನೆಯ ಸಾಲಿಗೆ ಹೋದಳು. ಹನ್ನೊಂದು ದಿನದಿಂದ ಎದೆಯ ಮೇಲಿದ್ದ ಭಾರ ಇಳಿದಿತ್ತು. ಅರುಂಧತಿ ಈಗ ನಗುತ್ತಾರೆ ಎಂದುಕೊಂಡೇ ಹೋದಳು ಪಾಪ.

ಅರುಂಧತಿ ಮಗಳ ಚಪ್ಪಲಿಯ ಪಟ್ಟಿ ಹಾಕುತ್ತಿದ್ದರು. ತಲೆಯೆತ್ತದೆ ಕನ್ನಡದಲ್ಲಿ ಕೇಳಿದರು. ಸುತ್ತ ಇದ್ದ ಯಾರಿಗೂ ಅದು ಅರ್ಥವಾಗುವಂತಿರಲಿಲ್ಲ.

"ನಾನು ಫೋನ್ ಮಾಡಿದ ದಿನಾನೂ ನಿಂಗೆ ಗೊತ್ತಿತ್ತಾ?"

ಇಲ್ಲ ಎನ್ನುವ ಮಾತು ವರ್ಣಿಕಾಳ ನಾಲಿಗೆಯ ತುದಿಗೆ ಬಂದಿತ್ತು.

"ಗೊತ್ತಿತ್ತು ಆಂಟಿ."

ಅರುಂಧತಿ ತಲೆಯಾಡಿಸಿದರು. ಎದ್ದು, ಮಗುವಿನ ಕೈ ಹಿಡಿದು ಲಿಫ್ಟಿನ ಕಡೆಗೆ ನಡೆದರು. ಅಲ್ಲಿ ಕಾಯುತ್ತಿದ್ದ ಇಬ್ಬರು ಹೆಂಗಸರು ಇವತ್ತು ಸರಿದು ಜಾಗ ಕೊಟ್ಟರು, ಒಬ್ಬಾಕೆ ಲಾಸ್ಯಾಳ ಕೆನ್ನೆ ಮುಟ್ಟಿದಳು. ಅರುಂಧತಿ ಲಿಫ್ಟು ಹತ್ತಲಿಲ್ಲ. ಮಗುವನ್ನು ಎತ್ತಿಕೊಂಡು ಪಕ್ಕದ ಮೆಟ್ಟಿಲು ಹತ್ತಿ ಹೋದರು.